ತಳದ ರೊಟ್ಟಿ

ಅಕ್ಕಲಕೋಟೆಯ ಎಸ್ಟಿ ಸ್ಟ್ಯಾಂಡಿನ ಹಿಂದ, ಪತ್ರಾಸಿನ ಶೆಡ್ಡಿನ್ಯಾಗ
ಹನ್ನೊಂದು ಒಲಿ, ಹನ್ನೊಂದು ಮಂದಿ ಹೆಣ್ಮಕ್ಕಳು.
ಬೋರ್ಡು ಮರಾಠಿ, ಬಿಲ್ಲು ಮರಾಠಿ,
ಹಿಟ್ಟು ನಾದುವಾಗಿನ ಮಾತು, ಬೈಗುಳ, ನನ್ನ ಲೆಕ್ಕದ ವಹಿ
ಇವಷ್ಟೂ ಕನ್ನಡ.

ದೀಪಾವಳಿ ಮುಂದ ಪುಣೆಯಿಂದ ದೇವಧರ ಸೇಠನ ಫೋನು:
"ಭಾಗೀರಥಿಬಾಯಿ, ನಾ ಕೇಳಿದ್ದು ಖಡಕ್ ರೊಟ್ಟಿ,
ನೀವು ಕಳಿಸಿದ್ದು ನುಚ್ಚು."
ನೂರಕ್ಕ ಮೂವತ್ತು ಚೂರು.
ಇನ್ನೊಮ್ಮೆ ಹಿಂಗಾದರ ಬ್ಯಾರೆಯವರನ್ನ ನೋಡಿಕೋತೀನಿ ಅಂದ.

ದಪ್ಪ ಬಡಿಸಿದೆ. ಒಣಗಿಸಿದೆ. ನಡುನಡುವ ಪೇಪರ ಹಾಸಿದೆ.
ಬಸ್ಸಿನ ಡ್ರೈವರಗ ಚಾ ಕುಡಿಸಿದೆ, ಎರಡು ಸಲ.
ಕ್ರೇಟಿನ ಮ್ಯಾಲ ಕೆಂಪು ಮಸಿಯಾಗ ಬರೆಸಿದೆ: ಸಾವಕಾಶ.
ಎರಡೂ ಭಾಷಾಕ್ಕ ಅದೊಂದೇ ಶಬ್ದ,
ಎರಡೂ ಭಾಷಾದಾಗ ಯಾರೂ ಕೇಳಲಿಲ್ಲ.

ವಾಪಸ್ ಬಂದ ಕ್ರೇಟು ಸುರುವಿ ಚೂರು ಆರಿಸಿದೆ.
ಎಳ್ಳು ಒಂದ ಕಡೆ ಹೆಚ್ಚು, ಒಂದ ಕಡೆ ಬೋಳು:
ಸುಗಲಾನ ಕೈ. ಮತ್ತೊಂದು ಚೂರು, ಅದೂ ಸುಗಲಾ.
"ನಿನ್ನ ಕೈನ ಬಿರುಸು" ಅಂದೆ, ಎಲ್ಲಾರ ಮುಂದ.
ರೊಟ್ಟಿ ಮುರಿದದ್ದಕ್ಕ ಆಕಿ ಕೂಲಿ ಮುರಿದೆ.
ಆಕಿ ಏನೂ ಅನ್ನಲಿಲ್ಲ. ಒಲಿಗೆ ಇನ್ನೊಂದು ಕಟಗಿ ತುರುಕಿದಳು.

ಆಮ್ಯಾಲ ಜ್ವಾಳದ ಚೀಲ ಎತ್ತಾಕ ಹೋಗಿ ಬೆನ್ನು ಹಿಡೀತು.
ಮೂರು ದಿನ ಬರೀ ನೆಲ, ಹಾಸಿಗಿ ಬ್ಯಾಡ, ಅಂದ ಡಾಕ್ಟರು.
ಮನಿಯಾಗ ಮಲಗಿದರ ಇವರು ಕೆಲಸ ಮಾಡ್ತಾರೇನು?
ಶೆಡ್ಡಿನ ಮೂಲಿಯಾಗ ಚಾಪಿ ಹಾಸಿಸಿಕೊಂಡೆ.

ಹನ್ನೆರಡು ವರ್ಷ ನಾ ನಿಂತು ನೋಡಿದ ಜಾಗ.
ಕೆಳಗಿನಿಂದ ಅದು ಬ್ಯಾರೆಯವರ ಶೆಡ್ಡು.
ಮೇಜಿನ ಹೊಟ್ಟಿಗೆ ಬಡಿಗ್ಯಾ ಬರೆದಿಟ್ಟ ಪೆನ್ಸಿಲಿನ ಅಳತಿ.
ಸೀಳಿದ ಹಿಮ್ಮಡಿಗೋಳು, ಬೂದಿ ಬಡಿದು ಒಂದೇ ಬಣ್ಣ.
ಕಣ್ಣಿನ ನೇರಕ್ಕ, ಜಾಳಿಯ ಕ್ರೇಟು.

ಬೆಳಗಿನ ನಾಕಕ್ಕ, ಹಾಲಿನ ಗಾಡಿ ಹತ್ತಿ
ವಾಗ್ದರಿಯಿಂದ ಬರಾಕಿ ಸುಗಲಾ ಒಬ್ಬಾಕಿನ.
ಆಕಿ ಬಡಿದದ್ದು ಮೊದಲು ಬೀಳ್ತದ, ತಳಕ್ಕ.
ಅದರ ಮ್ಯಾಲ ಮಹಾನಂದಾಂದು, ಅದರ ಮ್ಯಾಲ ಇಂಗಳಗಿಯ ಅಕ್ಕತಂಗಿಯರದು,
ಎಲ್ಲಾಕ್ಕಿಂತ ಮ್ಯಾಲ ನನ್ನವು ನಾಕು,
ಸೇಠ ತೆರೆದ ಕೂಡಲೆ ಕಾಣಲಿ ಅಂತ
ನಾನೇ ಮಾಡಿದ ಪದ್ಧತಿ.
ಜಾಳಿಯ ಸಂದಿಯಾಗ ಕಂಡಿತು:
ಒಂದೊಂದು ಪದರು ಏರಿದಂಗ
ತಳದ್ದು ನಡುವಿಗೆ ತುಸು ಬಾಗ್ತದ,
ಮತ್ತ ಒಂದು ಸಣ್ಣ ಚಟ್.
ಇಷ್ಟು ವರ್ಷದಾಗ ಆ ಸದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ.
ಬಸ್ಸು ಇನ್ನೂ ಸ್ಟ್ಯಾಂಡಿಗೇ ಬಂದಿರಲಿಲ್ಲ.

ಹೊರಳಾಕ ಬರವಲ್ಲದು. ಗ್ವಾಡಿ ನೋಡಿದೆ.
ಅಲ್ಲಿ ತೊಳೆದಿಟ್ಟ ತಾಟುಗೋಳು, ಸ್ಟ್ಯಾಂಡಿನ್ಯಾಗ,
ಸಾಲಾಗಿ ನಿಂತಾವ,
ಯಾರ ಮ್ಯಾಲೂ ಯಾರೂ ಕೂತಿಲ್ಲ.

"ರೊಟ್ಟಿ ನಿಲ್ಲಿಸ್ರೇ" ಅಂದೆ ಮಲಗಿದಲ್ಲಿಂದನ.
"ಬೆನ್ನಿನ ಗುಳಿಗಿ ತಲಿಗೇರ್ಯಾವ" ಅಂತ ನಕ್ಕರು.
ನಕ್ಕೋತನ ನಿಲ್ಲಿಸಿದರು.

ಆ ಖೇಪಿಗೆ ನೂರಕ್ಕ ಏಳು ಮುರಿದವು.
ಸೊನ್ನೆ ಆಗಲಿಲ್ಲ, ಸುಳ್ಳ್ಯಾಕ ಹೇಳಲಿ.
ಏಳರಾಗ ಎರಡು ನನ್ನವು.

ನಾಕನೆಯ ದಿನ ಎದ್ದು, ಸುಗಲಾನ ಮುರಿದ ಕೂಲಿ ಎಣಿಸಿ ಕೊಟ್ಟೆ.
ಮತ್ತೊಮ್ಮೆ ಎಣಿಸಿದಳು. ಸೆರಗಿಗೆ ಗಂಟು ಹಾಕಿದಳು.
"ರೊಕ್ಕ ಬಂತು, ಬಾಯೇರಿ. ಅವತ್ತು ಎಲ್ಲಾರ ಮುಂದ ಒಂದು ಮಾತು ಅಂದಿದ್ರಿ.
ಅದನ್ನೂ ಎಲ್ಲಾರ ಮುಂದನ ವಾಪಸ್ ತಗೋರಿ."

ಬಡಿಯೋ ಕೈ ಒಂದೊಂದಾಗಿ ನಿಂತವು.
ಹೊರಗ ಗುಲಬರ್ಗಾ ಗಾಡಿಯ ಹಾರ್ನು.
ಬಾಯಿ ತೆರೆದೆ.
ಬೆನ್ನು ಇನ್ನೂ ಪೂರಾ ಬಗ್ಗುತ್ತಿರಲಿಲ್ಲ.