ಕಾಲುವೆಯ ಪಕ್ಕ

ಶಾಂತಿನಗರದ ಡಿಪೋ ಹಿಂದೆ, ಬೆಳಗಿನ ಐದೂಮುಕ್ಕಾಲಿಗೆ,
ಹೊಸ ಕಲ್ಲುಹಾಸಿನ ಮೇಲೆ ನನ್ನ ಬೂಟಿನ ಸದ್ದು.
ಪಕ್ಕದಲ್ಲಿ ರಾಜಕಾಲುವೆ,
ಊರೆಲ್ಲ ಬಟ್ಟೆ ಒಗೆದ ನೊರೆ ಹೊತ್ತು.

ಮೂಗು ಮುಚ್ಚಿಕೊಂಡು ಓಡಲಾಗದು.
ಎರಡನೇ ವಾರಕ್ಕೆ ವಾಸನೆಯೂ
ಪಕ್ಕದ ಮನೆಯವರ ಹಾಗೆ.

ಗೇಟಿನ ಬಳಿ ಕಸ ಗುಡಿಸುವ ಅಂಜಲೈ ಒಮ್ಮೆ
"ಈ ನೀರು ನಮ್ಮೂರಿಗೇ ಹೋಗೋದು ಸಾರ್,
ಕಡಲೂರು. ಅಲ್ಲಿ ಸಮುದ್ರ" ಎಂದಳು,
ತವರಿನ ಬಸ್ಸು ತೋರಿಸಿದ ಹಾಗೆ.

ಅಂದಿನಿಂದ ತೇಲುವುದೊಂದನ್ನು ಆರಿಸಿ
ಪಂದ್ಯ ಕಟ್ಟುತ್ತೇನೆ.
ಇವತ್ತು ಹವಾಯಿ ಚಪ್ಪಲಿ.

ಸೇತುವೆ ತನಕ ನಾನೇ ಮುಂದೆ.
ಆಮೇಲೆ ಕಲ್ಲುಹಾಸು ಮುಗಿಯುತ್ತದೆ:
ಬೇಲಿ, ಬೀಗ, ಮಂಡಿಯಲ್ಲಿ ಚಳುಕು.

ಅದು ಮಾತ್ರ
ಆತುರವೇನೂ ಇಲ್ಲದೆ
ಬೆಳ್ಳಂದೂರಿನ ಕಡೆಗೆ,
ಎಡಗಾಲಿನದು,
ಒಂಟಿ.