ಐದನೆಯ ಡಬ್ಬಿ

ನುರ್ಮೆಸ್ ಊರಿನಾಚೆ ಮರಳು ತೋಡಿ ಬಿಟ್ಟ ಹಳ್ಳ,
ಅದೇ ಈಗ ನಮ್ಮ ಗುರಿಮೈದಾನ.
ಗೇಟಿನ ಬೀಗದ ಕೈ ನನ್ನಲ್ಲಿ. ಬಂದವರ ಹೆಸರು ಬರೆಯುವುದು,
ಸಂಜೆಗೆ ಹಿತ್ತಾಳೆ ಗುಡಿಸುವುದು, ಇಷ್ಟೇ ಕೆಲಸ.

ಸೆಪ್ಟೆಂಬರು. ಬರ್ಚ್ ಎಲೆ ಅರ್ಧ ಹಳದಿ.
ಮೂಸ್ ಬೇಟೆಗೆ ಇನ್ನು ಕೆಲವೇ ವಾರ.
ಹಿಲ್ಕಾ ಬಂದಳು, ಹೆಗಲಲ್ಲಿ ಅಪ್ಪನ ಕೋವಿ,
ಕೈಚೀಲದಲ್ಲಿ ಪೆಪ್ಪರಮಿಂಟಿನ ಐದು ಹಳೆಯ ತಗಡು ಡಬ್ಬಿ,
ಒಂದೊಂದರೊಳಗೂ ಐದೈದು ತೋಟೆ.

ಮೂವತ್ತೆಂಟು ವರ್ಷ ಪೇಟೆಯ ಔಷಧಿ ಅಂಗಡಿಯಲ್ಲಿ
ಮದ್ದು ತೂಗಿದವಳು.
ಅಂಗಡಿ ಮುಚ್ಚಿದ ದಿನ ಬೇರೇನೂ ಕೇಳದೆ
ಆ ಪುಟ್ಟ ತಕ್ಕಡಿ ಕೇಳಿ ತಂದವಳು.
ಈಗಲೂ ಮದ್ದೇ ತೂಗುತ್ತಾಳೆ, ಅಡುಗೆಮನೆಯ ಮೇಜಿನಲ್ಲಿ,
ರೇಡಿಯೋ ಆರಿಸಿ, ಕಿಟಕಿ ಮುಚ್ಚಿ,
ತನ್ನ ಉಸಿರಿಗೂ ಮುಳ್ಳು ಅಲುಗದಿರಲೆಂದು
ಮುಖ ಅತ್ತ ತಿರುಗಿಸಿ.
ಎಳ್ಳಿಗಿಂತ ಸಣ್ಣ ಕಪ್ಪು ಕಡ್ಡಿಗಳು;
ಒಂದು ಹೆಚ್ಚಾದರೂ ಚಿಮಟದಲ್ಲಿ ಎತ್ತಿ ವಾಪಸು.
ಡಬ್ಬಿಯಿಂದ ಡಬ್ಬಿಗೆ ಒಂದು ಕೂದಲೆಳೆ ಜಾಸ್ತಿ.

ನೂರು ಮೀಟರಿನಾಚೆ ಬಿಳಿ ಕಾಗದ.
ಮೊದಲ ಡಬ್ಬಿ: ಕೋಳಿ ಕಾಳು ಕೆದರಿದ ಹಾಗೆ.
ಎರಡನೆಯದು: ಒಂದು ಅಂಗೈಯೊಳಗೆ.
ಮೂರನೆಯದಕ್ಕೆ ನಾನು ದುರ್ಬೀನಿಗೆ ಕಣ್ಣಿಟ್ಟಿದ್ದೆ.
ನಾಲ್ಕು ಗುಂಡು ಒಂದರ ಹೆಗಲಿಗೊಂದು,
ನಾಣ್ಯವಿಟ್ಟು ಮುಚ್ಚಬಹುದು.
ಐದನೆಯದು ದೂರ, ಮೇಲೆ, ಬಲಕ್ಕೆ,
ಮದುವೆಮನೆಯಲ್ಲಿ ಮುನಿಸಿಕೊಂಡ ನೆಂಟನ ಹಾಗೆ.

‘ಗಾಳಿ’ ಅಂದ ಪಕ್ಕದ ಮೇಜಿನ ನೀಲೋ,
ಇಪ್ಪತ್ತೆರಡರ ಹುಡುಗ, ಹೊಸ ಕೋವಿ, ಅಂಗಡಿಯ ತೋಟೆ.
ಕಂಬದ ತುದಿಯ ಬಟ್ಟೆ ಒದ್ದೆ ಕಾಲ್ಚೀಲದಂತೆ ಜೋತುಬಿದ್ದಿತ್ತು.
‘ನಳಿಗೆ ಕಾದಿರಬೇಕು’ ಅಂದೆ ನಾನು, ಮಾತಿಗೆ.
ಹಿಲ್ಕಾ ಪುಸ್ತಕ ತೆರೆದು ಪೆನ್ಸಿಲಿನಲ್ಲಿ ಬರೆದಳು:
ಐದನೆಯದು, ನಾನು.

ನಾಲ್ಕನೆಯ ಡಬ್ಬಿ.
ಮೊದಲ ಈಡು ಸರಿ. ಎರಡನೆಯದಕ್ಕೆ
ಬೋಲ್ಟ್ ಎತ್ತಹೋದ ಮಣಿಕಟ್ಟು ಒಂದು ಕ್ಷಣ ತಡೆಯಿತು,
ಹಬೆಗೆ ಉಬ್ಬಿದ ಸೌನಾ ಬಾಗಿಲು ಹಿಡಿಯುವಂತೆ.
ಖಾಲಿ ಕೋಶ ಹೊರಬಂತು. ಕನ್ನಡಕ ಹಣೆಗೇರಿಸಿ
ಅದರ ಬುಡ ನೋಡಿದಳು. ದುಂಡಗಿರಬೇಕಿದ್ದ ಕೇಪಿನ ಅಂಚು
ರೈಲಿನಡಿ ಇಟ್ಟ ಕಾಸಿನಂತೆ ಚಪ್ಪಟೆ.
ನನ್ನ ಕೈಗೆ ಕೊಟ್ಟಳು. ಇನ್ನೂ ಬಿಸಿ.

ಕಾಗದದಲ್ಲಿ ಎರಡು ತೂತು ಒಂದೇ ತೂತಾಗಿದ್ದವು.
ನೀಲೋ ನೋಡಿದ್ದು ಅದನ್ನು.
‘ಅಯ್ಯೋ, ಇದೇ! ಐದನೆಯದು ಇನ್ನೂ ಚೆಂದ ಇರಬಹುದು.
ಒಂದು, ಒಂದೇ ಒಂದು ಹೊಡೆದು ನೋಡಿ.’

ಅವಳಾಗಲೇ ಮುಚ್ಚಳ ಒತ್ತುತ್ತಿದ್ದಳು.
‘ಒಂದು ಚಮಚಕ್ಕೆ ಜ್ವರ ಇಳಿದರೆ
ಎರಡು ಚಮಚಕ್ಕೆ ಬೇಗ ಇಳಿದೀತು ಅಂದುಕೊಂಡವರು
ನನ್ನ ಅಂಗಡಿಗೂ ಬರುತ್ತಿದ್ದರು, ಮಗು.
ಕೆಲವರು ಮತ್ತೆ ಬರಲಿಲ್ಲ.’

ನೀಲೋ ತನ್ನ ಕೆನ್ನೆ ಮುಟ್ಟಿಕೊಂಡ,
ಕೋವಿಯ ಮರ ತಾಗುವ ಜಾಗ.

ರಿಜಿಸ್ಟರಿನಲ್ಲಿ ಬರೆದೆ: ಹೊಡೆದದ್ದು ಹದಿನೇಳು.
ಹೊಡೆಯದ ಎಂಟಕ್ಕೆ
ನನ್ನ ಪುಸ್ತಕದಲ್ಲಿ ಅಂಕಣವಿಲ್ಲ.

ಆ ಬಿಸಿ ಕೋಶ ಜೇಬಿನಲ್ಲೇ ಉಳಿದಿತ್ತು; ಕೊಡುವ ನೆಪದಲ್ಲಿ
ಸಂಜೆ ಅವಳ ಮನೆಗೆ ಹೋದೆ.
ಮೆಟ್ಟಿಲ ಮೇಲೆ ಕೂತು ಪ್ಲಾಸ್ಟಿಕ್ಕಿನ ಸುತ್ತಿಗೆಯಿಂದ
ಕುಟ್ಟಿ ಕುಟ್ಟಿ ಗುಂಡು ಬಿಡಿಸುತ್ತಿದ್ದಳು,
ಹಟಮಾರಿ ಬಾದಾಮಿ ಒಡೆಯುವ ಹಾಗೆ.
ಮದ್ದು ಕಾಫಿಲೋಟದಲ್ಲಿ ಶೇಖರವಾಗಿತ್ತು.
‘ಸೀಸೆಗೆ ಹಿಂದಕ್ಕೆ ಸುರಿಯುವುದಿಲ್ಲವೇ?’
‘ಚೀಟಿಯಿಲ್ಲದ ಮದ್ದು ಯಾರ ಮದ್ದೂ ಅಲ್ಲ.’

ಎದ್ದು ಹಿತ್ತಲಿಗೆ ನಡೆದಳು. ಕೆಂಪು ಕರಂಟ್ ಗಿಡದ ಬುಡಕ್ಕೆ,
ರೂಬಾರ್ಬ್ ಪಾತಿಗೆ, ತೋಟೆಯ ಮದ್ದು
ತೋಟಕ್ಕೆ ಬಿತ್ತು.
‘ಒಳ್ಳೆ ಗೊಬ್ಬರ’ ಅಂದಳು.
ತಕ್ಕಡಿ ತಂದಿರಲಿಲ್ಲ.
ಆದರೂ ಪ್ರತಿ ಬುಡದ ಬಳಿ ಒಂದು ಗಳಿಗೆ ನಿಂತು,
ಹೆಬ್ಬೆರಳು ತೋರುಬೆರಳ ನಡುವೆ ತೂಗಿ
ಆಮೇಲೆ ಉದುರಿಸಿದಳು.