ಎರಡು ಬೆರಳು

ಟೈರಿಗೂ ಮೇಲಿನ ಕಮಾನಿಗೂ ನಡುವೆ
ನನ್ನ ನಾಲ್ಕು ಬೆರಳು ಸಲೀಸಾಗಿ ಹೋಗುತ್ತವೆ,
ಬೇಕೆಂದರೆ ಹೆಬ್ಬೆರಳನ್ನೂ ತೂರಿಸಬಹುದು.
ಸೀರೆ ಎತ್ತಿ ಹಿಡಿದು ಹೊಳೆಗೆ ಇಳಿದವಳ ಹಾಗೆ
ನಿಂತಿದೆ ನನ್ನ ಹಳೆಯ ಕಮೊಡೋರ್
ಎಲಿಜಬೆತ್ತಿನ ಈ ಒಣ ಬೀದಿಯಲ್ಲಿ.
ಹೊಳೆಯೇ ಇಲ್ಲ ದಾಟಲಿಕ್ಕೆ.

"ಎಷ್ಟು ಇಳಿಸಲಿ?" ಅಂದ ಝೋರಾನ್,
ಸಾರಿಗೆ ಉಪ್ಪು ಎಷ್ಟು ಅಂತ ಕೇಳುವ ಹಾಗೆ.

ಮೂರು ದಾರಿ ಇವೆಯಂತೆ.
ಬರೀ ಸ್ಪ್ರಿಂಗು ಬದಲಿಸುವುದು ಅಗ್ಗ,
ಆದರೆ ಹಳೇ ಡ್ಯಾಂಪರಿಗೆ ಹೊಸ ಸ್ಪ್ರಿಂಗು
ಮುದಿ ಎತ್ತಿನ ಜೊತೆ ಹೋರಿಗೆ ನೊಗ ಕಟ್ಟಿದಂತೆ:
ಒಂದು ಜಿಗಿಯುತ್ತದೆ, ಇನ್ನೊಂದು ಏದುಸಿರು ಬಿಡುತ್ತದೆ.
ಕಾಯಿಲೋವರ್ ಆದರೆ ತಿರುಪಿದಷ್ಟು ಇಳಿ, ತಿರುಪಿದಷ್ಟು ಏರು,
ಅಂದರೆ ಜನ್ಮವಿಡೀ ತಿರುಪುತ್ತಲೇ ಇರು.
ಮೂರನೆಯದು ಗಾಳಿ.
ಗುಂಡಿ ಒತ್ತಿದರೆ ಉಸ್ಸೆಂದು ಕೂತುಬಿಡುತ್ತದೆ ಕಾರು.

"ಅದು ಬೇಡ," ಅಂದೆ, ಬೆಲೆಯನ್ನೂ ಕೇಳದೆ.

ಗಾಳಿ ನನಗೆ ಗೊತ್ತು.
ದಿನಕ್ಕೆ ಅರವತ್ತೆಪ್ಪತ್ತು ಸಲ
ಬಸ್ಸನ್ನು ಮಂಡಿಯೂರಿಸುವವಳು ನಾನು.
ಕಟ್ಟೆಗೆ ಒತ್ತಿ ನಿಲ್ಲಿಸಿ, ಗುಂಡಿ ಅದುಮಿ, ಉಸ್ಸ್...
ಹನ್ನೆರಡು ಟನ್ನು ತಲೆ ತಗ್ಗಿಸುತ್ತದೆ
ತಳ್ಳುಗಾಡಿಯ ಕೂಸಿಗೆ, ಊರುಗೋಲಿಗೆ,
ಮಧ್ಯಾಹ್ನವೇ ಕುಡಿದು ಮೆಟ್ಟಿಲು ಕಾಣದವನಿಗೆ,
ಡಯಾಲಿಸಿಸ್ ಮುಗಿಸಿ ಬರುವ ಮಿಸೆಸ್ ಕಟ್ಸಾರಿಸ್‌ಗೆ.
ಅವರು ಹತ್ತುವಾಗ ಬಾಗಿಲ ಚೌಕಟ್ಟನ್ನು
ಒಮ್ಮೆ ತಟ್ಟುತ್ತಾರೆ, ಹಸುವಿನ ಬೆನ್ನು ತಟ್ಟಿದಂತೆ.
ಅದು ಸಂಬಳದ ಉಸ್ಸು.
ಮನೆಯಂಗಳದಲ್ಲೂ ಅದನ್ನೇ ಕೇಳಲಾರೆ.

"ಮತ್ತೆ ಇದನ್ನ ಯಾಕೆ ತಗ್ಗಿಸ್ತಿದ್ದೀಯಮ್ಮ?" ಅಂದಳು ಓಜಸ್ವಿ.
ಡಿಪೋದಲ್ಲಿ ಗ್ಯಾರೆತ್ ಕೂಡ ನಕ್ಕಿದ್ದ:
ನಲವತ್ತೊಂಬತ್ತಕ್ಕೆ ಪಡ್ಡೆ ಹುಡುಗರ ಶೋಕಿ!
ಚಂದ ಕಾಣುತ್ತೆ, ಅಂದೆ.
ಬೇರೆ ಕಾರಣ ಹುಡುಕಿದೆ. ಸಿಗಲಿಲ್ಲ.

ಕಾನೂನಿಗೆ ನೆಲದಿಂದ ನೂರು ಮಿಲಿಮೀಟರ್ ಬೇಕು,
ಇಲ್ಲವಾದರೆ ಪೊಲೀಸರು ಡಿಫೆಕ್ಟ್ ಚೀಟಿ ಅಂಟಿಸುತ್ತಾರೆ.
ಶಾಲೆಯ ಮುಂದಿನ ಉಬ್ಬು ಅದಕ್ಕಿಂತ ಕಟುಕ.
ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರೆ ನಮ್ಮಲ್ಲಿ,
ಎಂದು ಅವನಿಗೆ ಬಿಡಿಸಿ ಹೇಳುವಷ್ಟರಲ್ಲಿ
"ನಮ್ಮಲ್ಲೂ," ಅಂದ, ಕಾರಿನಡಿಯಿಂದ.

"ದಿನಾ ಕೂರುವವರನ್ನೆಲ್ಲ ಕೂರಿಸು, ಆಮೇಲೆ ಅಳೆಯೋಣ."
ನಾನು ಕೂತೆ. ಪಕ್ಕಕ್ಕೆ ಮಗಳು.
ಡಿಕ್ಕಿಯಲ್ಲಿ ಹತ್ತು ಕಿಲೋ ಸೋನಾ ಮಸೂರಿ.
"ಅಷ್ಟೇನಾ?"
"ಅಷ್ಟೇ."
ಸೀಮೆಸುಣ್ಣದಲ್ಲಿ ಬರೆದುಕೊಂಡ. ಬೇರೇನೂ ಕೇಳಲಿಲ್ಲ.

ಹಳೆಯ ಸ್ಪ್ರಿಂಗು ಹೊರಬಂದವು, ತುಕ್ಕು ಉದುರಿಸುತ್ತ.
ಕಾರ್ಖಾನೆ ಮುಚ್ಚುವ ತನಕ ಇಪ್ಪತ್ತೆರಡು ವರ್ಷ
ಇದೇ ಊರಿನಲ್ಲಿ, ಇದೇ ಕಾರುಗಳಿಗೆ
ಹಿಂದಿನ ಸ್ಪ್ರಿಂಗು ಕೂರಿಸಿದವನು ಅವನು.
ಬಣ್ಣದ ಗುರುತನ್ನು ಉಗುರಿನಿಂದ ಕೆರೆದು ನೋಡಿದ.
"ನಾನೇ ಹಾಕಿದ್ದಿರಬಹುದು. ಮಂಗಳವಾರದ್ದಾದರೆ ಒಳ್ಳೆಯದು.
ಸೋಮವಾರ ನಮಗೆ ಕೈ ಓಡುತ್ತಿರಲಿಲ್ಲ."
ಬಟ್ಟೆಯಿಂದ ಒರೆಸಿದ,
ಗುಜರಿಗೆ ಹೋಗುವ ಕಬ್ಬಿಣವನ್ನು ಯಾರೂ ಒರೆಸದಷ್ಟು ಹೊತ್ತು.
ನಾನು ಮನೆಗೆ ಒಯ್ಯುತ್ತೇನೆ ಅಂದೆ.

ಸ್ಪ್ರಿಂಗು, ಡ್ಯಾಂಪರು, ಎರಡೂ ಹೊಸವು, ಜೋಡಿ.
ಮುಂದೆ ನಲವತ್ತು ಇಳಿಸಿದ, ಹಿಂದೆ ಮೂವತ್ತೇ.
"ಹತ್ತು ಬಿಟ್ಟಿದ್ದೇನೆ," ಅಂದ ಕೈ ತೊಳೆಯುತ್ತ,
"ಹಿಂದೆ ಯಾರಾದರೂ ಕೂತಾರು."
ಬೆರಳಿಟ್ಟು ನೋಡಿದೆ: ಮುಂದೆ ಎರಡು,
ಹಿಂದೆ ಎರಡೂವರೆ.

ಭಾನುವಾರ. ಗಂಟೆಗೊಂದು ಬಸ್ಸು.
ನಿಲ್ದಾಣದ ಬೆಂಚಿನಲ್ಲಿ ಮಿಸೆಸ್ ಕಟ್ಸಾರಿಸ್,
ಮಡಿಲಲ್ಲಿ ನಿಂಬೆಹಣ್ಣಿನ ಚೀಲ.
ನಿಲ್ಲಿಸಿದೆ. ಸಮವಸ್ತ್ರವಿಲ್ಲದ ನನ್ನನ್ನು
ಗುರುತಿಸಲು ಅವರಿಗೆ ಒಂದು ನಿಮಿಷ ಬೇಕಾಯಿತು.
ಹಿಂದಿನ ಬಾಗಿಲು ತೆರೆದು ಕಾದರು ಹಾಗೇ.
"ಇದು ಮಂಡಿಯೂರಲ್ವಾ?"
"ಇವತ್ತು ಅದಕ್ಕೆ ರಜೆ," ಅಂದೆ.

ಛಾವಣಿಯನ್ನೊಮ್ಮೆ ತಟ್ಟಿ, ಬಾಗಿ,
ಮೊದಲು ನಿಂಬೆ, ಆಮೇಲೆ ಊರುಗೋಲು,
ಆಮೇಲೆ ತಾವು.
ಹಿಂದಿನದು ಮೆಲ್ಲಗೆ ಇಳಿಯಿತು, ಅರ್ಧ ಬೆರಳು.